ದೇವರ ಮೇಲೆ ಮುನಿಸಿಕೊಂಡ ಅಳಿಯನಿಗೆ

ದೇವರನ್ನು ಬಯ್ದೆ ಅಂತ ಅಂಜಬೇಡ ಅಳಿಯ. ಬಯ್ಯಿಸಿಕೊಂಡು ಅವನಿಗೆ ಅಭ್ಯಾಸವಿದೆ. ಶರಣರು ಅವನ ಜೊತೆ ಜಗಳವಾಡಿದ್ದಾರೆ, ದಾಸರು ಹಂಗಿಸಿ ಹಾಡಿದ್ದಾರೆ. ನಿಂದಾಸ್ತುತಿ ಅಂತ ಅದಕ್ಕೊಂದು ಹೆಸರೇ ಇದೆ. ಮೊನ್ನೆ ಫೋನಿನಲ್ಲಿ "ಇನ್ಮೇಲೆ ನಾನು ಯಾವ ಗುಡಿ ಮೆಟ್ಲೂ ಹತ್ತಲ್ಲ ಮಾವ" ಅಂದು ಪಟಕ್ಕನೆ ಇಟ್ಟೆಯಲ್ಲ, ನಿನ್ನತ್ತೆ ಆವತ್ತು ರಾತ್ರಿ ಸರಿಯಾಗಿ ಉಣ್ಣಲಿಲ್ಲ. ನನಗೆ ಅಷ್ಟೇನೂ ಗಾಬರಿ ಆಗಲಿಲ್ಲ. ಸಿಟ್ಟು ಬಂದವನು ಇನ್ನೂ ಮಾತು ಬಿಟ್ಟಿಲ್ಲ ಅಂತಲೇ ಲೆಕ್ಕ. ಫೋನಿನಲ್ಲಿ ನೀನು ಪೂರ್ತಿ ಕೇಳಿಸಿಕೊಳ್ಳುವವನಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಿಡುವಾದಾಗ ಓದು.

ಸಿಟ್ಟಿನ ವಿಚಾರ ಬಿಡು. ನೀನಾಡಿದ ಇನ್ನೊಂದು ಮಾತು ನನಗೆ ಸರಿಬರಲಿಲ್ಲ. "ನಾವೇನು ಪಾಪ ಮಾಡಿದ್ವಿ ಅಂತ ನಮಗೇ ಹಿಂಗೆ?" ಅಂದೆ. ಈ ಪಾಪದ ಮಾತು ನಿನ್ನದಲ್ಲ. ಬೋರು ಫೇಲಾದ ಮೇಲೆ ಮನೆಗೆ ಬಂದು ಕಾಫಿ ಕುಡಿದು ಹೋದವರೆಲ್ಲ ಒಂದೊಂದು ಕಾರಣ ಬಿಟ್ಟು ಹೋಗಿದ್ದಾರೆ. ಮನೆದೇವರ ಹರಕೆ ಬಾಕಿ ಇದೆ ಅಂದ ಒಬ್ಬ. ಈಶಾನ್ಯ ಮೂಲೆ ಸರಿಯಿಲ್ಲ ಅಂದ ಇನ್ನೊಬ್ಬ. ನಿನ್ನಮ್ಮನಿಗೆ, ಅಂದರೆ ನನ್ನ ಅಕ್ಕನಿಗೆ, ಕಿಡ್ನಿ ತೊಂದರೆ ಬಂದಿದ್ದು ಪೂರ್ವಜನ್ಮದ ಕರ್ಮ ಅಂತ, ಆಕೆ ಒಳಕೋಣೆಯಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿರುವಾಗಲೇ ಹೇಳಿದವರೂ ಇದ್ದಾರೆ. ಹಿಂದಿನ ಜನ್ಮದ ಪಹಣಿ ಇವರಿಗೆ ಯಾವ ತಾಲ್ಲೂಕು ಕಚೇರಿಯಲ್ಲಿ ಸಿಕ್ಕಿತೋ!

ಬೋರು ಕೊರೆಸಿದ ರಾತ್ರಿ ನಾನೂ ನಿನ್ನ ಹೊಲದಲ್ಲಿದ್ದೆ. ಪಾಯಿಂಟ್ ಮಾಡಲು ಬಂದವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಬದುವಿನುದ್ದಕ್ಕೂ ನಡೆದರು. ಹುಣಸೇಮರದ ಹತ್ತಿರ ಕಾಯಿ ನೆಟ್ಟಗೆ ಎದ್ದು ನಿಂತಿತು. ಅರಿಶಿನ, ಕುಂಕುಮ, ಊದುಬತ್ತಿ, ನಿಂಬೆಹಣ್ಣು ಎಲ್ಲವೂ ಆಯಿತು. ಲಾರಿ ಶುರುವಾದಾಗ ಮೊದಲು ಕೆಂಪು ಮಣ್ಣು ಹಾರಿತು, ಆಮೇಲೆ ಬೂದಿ ಬಣ್ಣದ ಕಲ್ಲುಪುಡಿ. ರಾಡು ಇಳಿದ ಹಾಗೆಲ್ಲ ಲಾರಿಯ ಹುಡುಗನೊಬ್ಬ ಬೀಡಿ ಕಟ್ಟಿನ ಹಿಂದೆ ಗೀಟು ಹಾಕುತ್ತಿದ್ದ. ನಡುರಾತ್ರಿ ಒಂದು ಸಲ ಪುಡಿ ಒದ್ದೆಯಾಗಿ ಮುದ್ದೆ ಕಟ್ಟಿತು. ನೀನು ಆ ಮುದ್ದೆಯನ್ನು ಹಿಡಿಯಲ್ಲಿ ಹಿಡಿದು ಅಮ್ಮನಿಗೆ ತೋರಿಸಲು ಮನೆಗೆ ಓಡಿದೆ. ನೀನು ವಾಪಸ್ ಬರುವಷ್ಟರಲ್ಲಿ ಮತ್ತೆ ಬರೀ ಧೂಳು. ಬೆಳಗಾಗುವಾಗ ಹುಣಸೇಮರದ ಎಲೆಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಲಾರಿಯವರು ದುಡ್ಡು ಎಣಿಸಿಕೊಂಡು ಮುಂದಿನ ಊರಿಗೆ ಹೋದರು.

ಆ ಕಲ್ಲಿಗೆ ನಿನ್ನ ಪಾಪಪುಣ್ಯ ಏನು ಗೊತ್ತು ಹೇಳು? ನಮ್ಮ ಜಿಲ್ಲೆಯ ಅಡಿಯಲ್ಲಿ ಗಟ್ಟಿ ಬಂಡೆ. ನೀರು ಇದ್ದರೆ ಬಂಡೆಯ ಬಿರುಕಿನಲ್ಲಿ, ಬಿರುಕು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಘಟ್ಟದಲ್ಲಿ ಸುರಿದು ಬರಿದಾದ ಮೋಡ ನಮ್ಮ ಕಡೆ ಬರುವಾಗ ಗಾಳಿ ಮಾತ್ರ ಉಳಿದಿರುತ್ತದೆ. ಇದ್ದ ಬಿರುಕಿನ ನೀರನ್ನು ಊರವರೆಲ್ಲ ಸೇರಿ, ನಾನೂ ಸೇರಿ, ಮೇಲೆತ್ತಿದ್ದೇವೆ. ಗಂಗಮ್ಮ ಮುನಿದಳು ಅನ್ನುವುದಕ್ಕಿಂತ ಈ ಲೆಕ್ಕವೇ ನೇರವಾಗಿದೆ. ಪಕ್ಕದ ಹೊಲದಲ್ಲಿ ನೀರು ಬಿದ್ದವನೇನು ನಿನಗಿಂತ ದೊಡ್ಡ ಭಕ್ತನೇ? ಅವನನ್ನು ನೀನೂ ಬಲ್ಲೆ, ನಾನೂ ಬಲ್ಲೆ.

"ಡ್ಯಾಂ ತುಂಬೈತೆ, ನನ್ನ ಹೊಲಕ್ಕೆ ಏನು ಬಂತು?" ಅಂತಲೂ ಕೇಳಿದೆ. ನ್ಯಾಯವಾದ ಪ್ರಶ್ನೆ. ನಿನ್ನ ಜಮೀನು ಧರ್ಮಪುರದ ಕಡೆ, ನಾಲೆ ಅಲ್ಲಿಗೆ ಬರುವುದಿಲ್ಲ. ಆದರೆ ಆ ಡ್ಯಾಂ ವಿಚಾರವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಈ ಮಾರಿಕಣಿವೆಯ ಕಥೆ ನನ್ನ ಮಟ್ಟಿಗೆ ಎಷ್ಟೋ ಪುರಾಣಕ್ಕಿಂತ ಹೆಚ್ಚು ಕಲಿಸಿದೆ.

1876ರಿಂದ 78ರವರೆಗೆ ಬಿದ್ದ ಧಾತು-ಈಶ್ವರ ಕ್ಷಾಮದ ಹೆಸರು ನೀನು ಕೇಳಿರಬಹುದು. ಮೈಸೂರು ಸೀಮೆಯಲ್ಲಿ 1871ರಲ್ಲಿ ಸುಮಾರು 50 ಲಕ್ಷ ಜನ ಇದ್ದರು, 1881ರ ಎಣಿಕೆಗೆ 42 ಲಕ್ಷವೂ ಇರಲಿಲ್ಲ. ಅಷ್ಟು ಜನರೂ ಪಾಪಿಗಳಾಗಿದ್ದರೇ? ಅವರ ಸಾವು ಯಾವುದೋ ಒಳ್ಳೆಯದಕ್ಕೇ ಆಯಿತು ಅಂತ ಯಾರಾದರೂ ವ್ಯಾಖ್ಯಾನ ಮಾಡಿದರೆ ನಾನು ಎದ್ದು ಹೋಗುತ್ತೇನೆ. ಆಗುವುದೆಲ್ಲ ಒಳ್ಳೆಯದಕ್ಕೆ ಅನ್ನುವ ಮಾತು ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ, ನಿನಗೂ ಅದನ್ನು ಹೇಳುವುದಿಲ್ಲ.

ಆ ಕ್ಷಾಮ ಕಂಡವರು ಇನ್ನೂ ಬದುಕಿದ್ದ ಕಾಲದಲ್ಲೇ, 1898ರಲ್ಲಿ, ವೇದಾವತಿಗೆ ಅಡ್ಡ ಕಟ್ಟೆ ಕಟ್ಟಲು ಶುರುಮಾಡಿದರು. ರಾಜ್ಯ ನೋಡಿಕೊಳ್ಳುತ್ತಿದ್ದವರು ಗಂಡನನ್ನು ಕಳೆದುಕೊಂಡು, ಚಿಕ್ಕ ಮಗನ ಪರವಾಗಿ ಆಡಳಿತ ಹೊತ್ತ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಗಾರೆ ಕಲ್ಲಿನ ಕೆಲಸ 1907ಕ್ಕೆ ಮುಗಿಯಿತು. ಮೂವತ್ತು ಟಿಎಂಸಿ ಹಿಡಿಯುವ ಜಲಾಶಯ. ಸರ್ಕಾರದ ಕಾಗದದಲ್ಲಿ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಕಣಿವೆ ಮಾರಮ್ಮನ ಹೆಸರಿನ ಮಾರಿಕಣಿವೆ. ರಾಣಿ ಕಟ್ಟಿಸಿದರು, ಮಾರಮ್ಮ ಕಾಯುತ್ತಾಳೆ ಅಂತ ಇಬ್ಬರಿಗೂ ಪಾಲು ಕೊಟ್ಟು ಜನ ನೆಮ್ಮದಿಯಾಗಿದ್ದಾರೆ.

ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ? ಆಮೇಲೆ ಇಲ್ಲ. ನಮ್ಮಪ್ಪ ಕೋಡಿ ಹರಿದದ್ದನ್ನು ಕಥೆಯಾಗಿ ಹೇಳುತ್ತಿದ್ದರು, ನಾವು ಕಥೆಯಾಗಿಯೇ ಕೇಳಿದೆವು. 2017ರ ಹೊತ್ತಿಗೆ ನೀರು ತಳ ಮುಟ್ಟಿತ್ತು. ಆ ವರ್ಷಗಳನ್ನು ನೀನೂ ಕಂಡಿದ್ದೀಯ. ತೆಂಗಿನ ಗರಿ ಮೊದಲು ಜೋತುಬಿದ್ದವು, ಹೊಂಬಾಳೆ ಒಣಗಿತು, ಕೊನೆಗೆ ಸುಳಿಯೇ ಕಳಚಿ ಬಿದ್ದು ತೋಟದ ತುಂಬ ಬೋಳು ಕಂಬಗಳು ನಿಂತವು. ಅಡಿಕೆ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ತರಿಸಿ ಬುಡಕ್ಕೆ ಬಿಟ್ಟವರು ಸಾಲಗಾರರಾದರು. ಆಗಲೂ ಕಣಿವೆ ಮಾರಮ್ಮನಿಗೆ ಮಡಿಲಕ್ಕಿ ಹೋಗುವುದು ನಿಲ್ಲಲಿಲ್ಲ. ಆಗಲೇ ಇನ್ನೊಂದು ಕಡೆ ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಹೋರಾಟವೂ ನಿಲ್ಲಲಿಲ್ಲ. ಅಜ್ಜಂಪುರದ ಹತ್ತಿರ ಗುಡ್ಡದಡಿ ಸುರಂಗ ಕೊರೆದರು, ಭದ್ರೆಯ ನೀರನ್ನು ಪಂಪು ಹಾಕಿ ಮೇಲೆತ್ತಿದರು, 2019ರಿಂದ ಆ ನೀರು ಹಳ್ಳದಲ್ಲಿ ಹರಿದು ವೇದಾವತಿ ಸೇರಿತು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ಕಟ್ಟೆ ಮತ್ತೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಇನ್ನೊಮ್ಮೆ.

ಮಳೆಯಿಂದ ತುಂಬಿತೇ, ಪಂಪಿನಿಂದ ತುಂಬಿತೇ, ಮಾರಮ್ಮ ತುಂಬಿಸಿದಳೇ ಅಂತ ಆಗ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಜೋರು ವಾದ ನಡೆಯಿತು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಈ 89 ವರ್ಷದಲ್ಲಿ ಮಡಿಲಕ್ಕಿ ಕೊಟ್ಟ ಎಷ್ಟೋ ಹೆಂಗಸರು ಕೋಡಿ ನೀರು ನೋಡದೆಯೇ ಹೋಗಿಬಿಟ್ಟರು. ಅವರ ಬೇಡಿಕೆ ಅವರ ಆಯಸ್ಸಿನೊಳಗೆ ತೀರಲಿಲ್ಲ. ಆದರೂ ಅವರು ತೂಬು ಕೆಟ್ಟಾಗ ತೂಬಿನ ಕೆಲಸ, ನಾಲೆಯಲ್ಲಿ ಹೂಳು ಕೂತಾಗ ಹೂಳಿನ ಕೆಲಸ ಅಂತ ಮನೆಯಿಂದ ಗಂಡಸರನ್ನು ಎಬ್ಬಿಸಿ ಕಳಿಸುತ್ತಿದ್ದರು. ನೀರಿಲ್ಲದ ನಾಲೆಯ ಹೂಳು ತೆಗೆಯುವುದಕ್ಕೆ ಎಂಥ ಗುಂಡಿಗೆ ಬೇಕು ಯೋಚಿಸು. ನಂಬಿಕೆ ಅಂತ ನಾನು ಕರೆಯುವುದು ಅದನ್ನು.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಇಲ್ಲಿ ನಾವು ಬಾಗಿನ ಬಿಡುವಾಗ ಅತ್ತ ಹೊಸದುರ್ಗದ ಕಡೆ ಹಿನ್ನೀರಿಗೆ ತೋಟಗಳು ಮುಳುಗಿ, ಕೋಡಿ ಎತ್ತರ ಇಳಿಸಿ ಅಂತ ಜನ ಕೂಗುತ್ತಿದ್ದರು. ಹಿರಿಯೂರಿನಲ್ಲೇ ನದಿ ದಡದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ತುಂಬಲಿ ಅಂತ ಒಂದು ಪ್ರಾರ್ಥನೆ, ಸಾಕು ಅಂತ ಇನ್ನೊಂದು ಪ್ರಾರ್ಥನೆ, ಎರಡೂ ಒಂದೇ ನೀರಿಗೆ. ದೇವರು ಯಾರ ಪರ? ನಮ್ಮ ಪರ ಅಂತ ಸಂಭ್ರಮಿಸಿದರೆ ಅವರ ಮುಖ ನೋಡುವುದು ಹೇಗೆ? ಆದ್ದರಿಂದ ಬೇಡಿದ್ದು ಸಿಕ್ಕರೆ ದೇವರಿದ್ದಾನೆ, ಸಿಗದಿದ್ದರೆ ಇಲ್ಲ ಅನ್ನುವ ಲೆಕ್ಕವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅದು ಸಂತೆ ವ್ಯಾಪಾರ. ಸಂತೆಯಲ್ಲಿ ಕೊಟ್ಟ ದುಡ್ಡಿಗೆ ಈರುಳ್ಳಿ ಸಿಗದಿದ್ದರೆ ಜಗಳ ಆಡಬಹುದು, ಕಾಯಿ ಒಡೆದದ್ದಕ್ಕೆ ನೀರು ಬೀಳಲಿಲ್ಲ ಅಂತ ರಸೀತಿ ತೋರಿಸುವುದು ಎಲ್ಲಿ?

ಈ ಮಾತನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ನಿನ್ನತ್ತೆಯಿಂದ ಕಲಿತೆ. ಹೊಸದುರ್ಗದ ಹಾಲುರಾಮೇಶ್ವರ ನಿನಗೆ ಗೊತ್ತಲ್ಲ. ಅಲ್ಲಿ ಗಂಗೆಯ ಮುಂದೆ ಕೂತು ಮನಸ್ಸಿನ ಬಯಕೆ ಹೇಳಿಕೊಂಡರೆ ನೀರಿನಿಂದ ಏನಾದರೂ ಮೇಲೆ ತೇಲಿ ಬರುತ್ತದೆ, ಬಂದರೆ ಫಲ ಉಂಟು ಅಂತ ನಂಬಿಕೆ. ಮಕ್ಕಳಿಗಾಗಿ ನಾವು ಅಲ್ಲಿಗೂ ಹೋಗಿದ್ದೆವು. ನಿನ್ನತ್ತೆ ಸೆರಗೊಡ್ಡಿ ಬಹಳ ಹೊತ್ತು ಕೂತಳು. ಏನೂ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ, ಯಾವೂರಿನವಳೋ ಗೊತ್ತಿಲ್ಲದ ಹುಡುಗಿಯ ಮುಂದೆ ಒಂದು ಹೂವು ತೇಲಿ ಬಂತು. ಆ ಹುಡುಗಿ ಗಳಗಳನೆ ಅತ್ತಳು. ಇವಳು ಅವಳ ಕೈ ಹಿಡಿದು, "ಒಳ್ಳೇದಾಗ್ಲಿ ತಾಯಿ, ತೊಟ್ಲು ಕಟ್ಟಿದಾಗ ನಮ್ಮನ್ನೂ ನೆನೆಸ್ಕೋ" ಅಂದಳು. ಬಸ್ಸಿನಲ್ಲಿ ಬರುವಾಗ ಒಂದು ಮಾತೂ ಆಡಲಿಲ್ಲ. ನಮಗೆ ಮಕ್ಕಳಾಗಲಿಲ್ಲ, ಅದು ನಿನಗೆ ಗೊತ್ತಿರುವ ವಿಷಯ.

ಆದರೆ ಮಾರನೇ ದಿನ ಸಂಜೆ ಅವಳು ಎಂದಿನಂತೆ ದೀಪ ಹಚ್ಚಿದಳು. ನನಗೆ ಸಿಟ್ಟು ಬಂದು, "ಇನ್ನೂ ಯಾಕೆ ಇವನಿಗೆ ಎಣ್ಣೆ ದಂಡ?" ಅಂದೆ. "ಕೊಡ್ಲಿ ಅಂತ ಹಚ್ಚೋದಾಗಿದ್ರೆ ನಿನ್ನೆನೇ ಆರಿಸ್ತಿದ್ದೆ. ಅವನೂ ಈ ಮನೇಲಿ ಒಬ್ಬ, ಕತ್ತಲಲ್ಲಿ ಕೂರ್ಸೋಕಾಗುತ್ತಾ?" ಅಂದಳು. ಅವಳು ಓದಿದ್ದು ನಾಲ್ಕನೇ ಇಯತ್ತೆ. ಮಠದಲ್ಲಿ, ಪ್ರವಚನದಲ್ಲಿ ಕೇಳಿದ ಯಾವ ಮಾತೂ ಅಷ್ಟು ಒಳಕ್ಕೆ ಇಳಿದಿಲ್ಲ. ನೀನು ಗುಡಿಗೆ ಹೋಗದಿದ್ದರೆ ಹೋಗಬೇಡ, ನನ್ನ ಒತ್ತಾಯವಿಲ್ಲ. ಮನೆಯ ದೀಪ ಮಾತ್ರ ನಿಲ್ಲಿಸಬೇಡ. ಅಮ್ಮ ಮಲಗಿದಲ್ಲಿಂದ ಅದು ಕಾಣುತ್ತದೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ದೇವರನ್ನು ನಂಬಿದವನು ಕೈಕಟ್ಟಿ ಕೂರುತ್ತಾನೆ ಅಂತ ನಿನ್ನ ಗೆಳೆಯರು ಹಾಸ್ಯ ಮಾಡುತ್ತಾರಂತೆ. ಅವರು ನಾಯಕನಹಟ್ಟಿ ತೇರಿಗೆ ಬೈಕಿನಲ್ಲಿ ಹೋಗಿ ಮಂಡಕ್ಕಿ ತಿಂದು ಬಂದವರು, ತಿಪ್ಪೇರುದ್ರಸ್ವಾಮಿ ಯಾರು ಅಂತ ವಿಚಾರಿಸಿದವರಲ್ಲ. ಆ ಸ್ವಾಮಿ ಕೆರೆ ಕಟ್ಟಿಸಿದ ಮನುಷ್ಯ. ಒಂದಲ್ಲ, ಐದು ಕೆರೆ ಅವರ ಹೆಸರಿನಲ್ಲಿವೆ. ಹಸಿದು ಬಂದವರ ಕೈಗೆ ಗುದ್ದಲಿ ಮಂಕರಿ ಕೊಟ್ಟು, ದುಡಿದಷ್ಟಕ್ಕೆ ಸರಿಯಾಗಿ ನೀಡಿದರು ಅಂತ ಐತಿಹ್ಯ. ಮಾಡಿದ ಕೆಲಸಕ್ಕೆ ತಕ್ಕ ಭಿಕ್ಷೆ ಅನ್ನುವುದೇ ಅವರ ಬೋಧೆಯ ತಿರುಳು. ಫಾಲ್ಗುಣದ ತೇರಿನ ದಿನ ರಾಶಿ ರಾಶಿ ಕೊಬ್ಬರಿ ಸುಡುತ್ತಾರೆ, ಲಕ್ಷಗಟ್ಟಲೆಗೆ ಮುಕ್ತಿಬಾವುಟ ಹರಾಜು ಹಾಕುತ್ತಾರೆ. ಇರಲಿ, ಜಾತ್ರೆ ಅಂದಮೇಲೆ ಅದೆಲ್ಲ ಇರಬೇಕು. ಕೆರೆಗೆ ಒಂದು ಬುಟ್ಟಿ ಮಣ್ಣು ಹೊರುವ ಹರಕೆಯೂ ಜೊತೆಗಿದ್ದರೆ ಸ್ವಾಮಿಗೆ ಇನ್ನೂ ಸಂತೋಷವಾಗುತ್ತಿತ್ತು ಅಂತ ನನಗನಿಸುತ್ತದೆ.

ಅಷ್ಟು ಹಿಂದಿನ ಕಾಲಕ್ಕೂ ಹೋಗುವುದು ಬೇಡ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮೀಜಿಯನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಆ ಊರಿನಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದರು, 1996ರಲ್ಲಿ ಕಣ್ಣು ಮುಚ್ಚುವವರೆಗೂ ಯೋಗ ಕಲಿಸುತ್ತ, ಔಷಧಿ ಕೊಡುತ್ತ, ಶಾಲೆ ನಡೆಸುತ್ತ ಅಲ್ಲೇ ಉಳಿದರು. ದುಡ್ಡಿಗಾಗಿ ಊರೂರು ಜೋಳಿಗೆ ಹಿಡಿದು ತಿರುಗಿದರು. ಬರೆಯುವಾಗ ಇಟ್ಟುಕೊಂಡ ಹೆಸರು ತಿರುಕ, ಆತ್ಮಕಥೆಗೆ ಇಟ್ಟ ಹೆಸರು 'ಜೋಳಿಗೆ ಪವಾಡ'. ದೇವರು ಕೊಡುತ್ತಾನೆ ಅಂತ ನಂಬಿದ್ದರು, ಹಾಗಂತ ಜೋಳಿಗೆಯನ್ನು ಗೂಟಕ್ಕೆ ನೇತುಹಾಕಿ ಕೂರಲಿಲ್ಲ. ಬೇಡಲು ನಾಚಲೂ ಇಲ್ಲ. ನಿನಗೆ ಈ ಕೊನೆಯ ಮಾತು ಬೇಕಾಗಿದೆ. ನೀನು ಯಾರ ಹತ್ತಿರವೂ ಕಷ್ಟ ಹೇಳಿಕೊಳ್ಳುವುದಿಲ್ಲ, ಮರ್ಯಾದೆ ಹೋಗುತ್ತದೆ ಅಂತ ಹಲ್ಲು ಕಚ್ಚಿ ಕೂರುತ್ತೀಯ. ಆ ಸ್ವಾಮೀಜಿಗಿಂತ ನಿನ್ನ ಮರ್ಯಾದೆ ದೊಡ್ಡದೇನೋ?

ನಿನ್ನ ಮನೆಗೆ ಬಂದು ಪಾಪದ ಲೆಕ್ಕ ಹೇಳಿ ಹೋದವರನ್ನು ನೆನೆದರೆ ಒಂದು ಕಥೆ ನೆನಪಾಗುತ್ತದೆ. ಕ್ರೈಸ್ತರ ಬೈಬಲಿನಲ್ಲಿ ಯೋಬ ಅಂತ ಒಬ್ಬ ಬರುತ್ತಾನೆ, ಮುಸಲ್ಮಾನರು ಅಯ್ಯೂಬ್ ಅನ್ನುತ್ತಾರೆ. ಒಳ್ಳೆಯ ಮನುಷ್ಯ, ದನಕರು, ಮಕ್ಕಳು ಎಲ್ಲ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತಿರುತ್ತಾನೆ. ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಬಾಯಿ ಬಿಟ್ಟು ನೀನೇನೋ ಪಾಪ ಮಾಡಿರಬೇಕು ಅಂತ ವಾದಕ್ಕೆ ಇಳಿಯುತ್ತಾರೆ. ಯೋಬ ಒಪ್ಪುವುದಿಲ್ಲ, ದೇವರನ್ನೇ ಎದುರಿಗೆ ಕರೆದು ಕೇಳುತ್ತಾನೆ. ಕೊನೆಗೆ ದೇವರು ಬೈದದ್ದು ಆ ಉಪದೇಶದ ಗೆಳೆಯರಿಗೆ, ಸರಿಯಾಗಿ ಮಾತಾಡಿದವನು ಯೋಬನೇ ಅಂತ ತೀರ್ಪು. ನಮ್ಮ ಕಡೆಯ ಎಲ್ಲಾ ಬಂಧುಗಳಿಗೂ ಈ ಕಥೆಯನ್ನು ಒಂದು ಸಲ ಓದಿಸಬೇಕು ಅಂತ ನನಗೆ ಆಸೆ.

ಅಮ್ಮನ ವಿಚಾರದಲ್ಲಿ ಒಂದು ಗಟ್ಟಿ ಮಾತು. ಯಾರೋ ಬೇರುಮದ್ದು ಕೊಡುತ್ತಾರೆ, ಮೂರು ಅಮಾವಾಸ್ಯೆ ಉರುಳುಸೇವೆ ಮಾಡಿದರೆ ಡಯಾಲಿಸಿಸ್ ಬೇಕಾಗಿಲ್ಲ ಅಂತ ನಿನ್ನ ಹೆಂಡತಿಯ ತವರಿನವರು ಹೇಳುತ್ತಿದ್ದಾರಂತೆ. ಉರುಳುಸೇವೆ ಬೇಕಿದ್ದರೆ ನಾನೇ ಮಾಡುತ್ತೇನೆ, ಡಯಾಲಿಸಿಸ್ ಒಂದು ಸರದಿಯೂ ತಪ್ಪಕೂಡದು. ಕೆಟ್ಟ ಕಿಡ್ನಿ ರಕ್ತ ಸೋಸುವುದಿಲ್ಲ, ಯಂತ್ರ ಸೋಸುತ್ತದೆ, ಒಂದು ಸರದಿ ಬಿಟ್ಟರೆ ನೀರು ಮೈಯಲ್ಲಿ ನಿಂತು ಉಸಿರಿಗೇ ತೊಂದರೆ ಆಗಬಹುದು. ಗೊತ್ತಿಲ್ಲದ ಬೇರು ಸೊಪ್ಪು ಉಳಿದ ಅಷ್ಟಿಷ್ಟು ಶಕ್ತಿಯನ್ನೂ ಕೆಡಿಸಬಹುದು. ಬಾಳೆಹಣ್ಣು, ಎಳನೀರು ಪ್ರಸಾದವಾದರೂ ಡಾಕ್ಟರನ್ನು ಕೇಳದೆ ಕೊಡಬೇಡ, ಅದರ ಪೊಟ್ಯಾಸಿಯಂ ಇಂಥವರಿಗೆ ಆಗಿಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತವಾಗಿ ನಡೆಯುತ್ತದೆ ಅನ್ನುವುದನ್ನು ದೇವರ ದಯೆ ಅಂತಲೇ ನಾನು ಬರೆದಿಟ್ಟುಕೊಂಡಿದ್ದೇನೆ. ಸೂಜಿ ಹಾಕುವ ಆ ಹುಡುಗಿಯ ಕೈಯೂ ಅವನದೇ.

ಮನೆದೇವರ ಹರಕೆ ತೀರಿಸಲು ಕುರಿ ಕಡಿದು ಬಾಡೂಟ ಮಾಡಬೇಕು, ಕೈಸಾಲ ತರುತ್ತೇನೆ ಅಂದೆಯಂತೆ. ಬೇಡ. ಸಾಲ ಮಾಡಿ ತೀರಿಸಿದ ಹರಕೆಯಿಂದ ಯಾವ ದೇವರೂ ಹೊಟ್ಟೆ ತುಂಬಿಸಿಕೊಂಡದ್ದಿಲ್ಲ, ಬಡ್ಡಿಯವನು ತುಂಬಿಸಿಕೊಂಡಿದ್ದಾನೆ. ಒಂದು ಹಿಡಿ ಅಕ್ಕಿ, ಎರಡು ಎಲೆ ಅಡಿಕೆ ಮಡಿಲಿಗೆ ಹಾಕಿ, ಕೈಲಾದಾಗ ಉಳಿದದ್ದು ಅಂತ ಹೇಳಿ ಬಾ. ಅಷ್ಟು ಕಾಯುವ ತಾಳ್ಮೆ ಆ ದೇವರಿಗಿದೆ. ಇನ್ನೊಂದು ಬೋರಿನ ಮಾತಂತೂ ಈ ವರ್ಷ ಎತ್ತಲೇಬೇಡ.

ಮತ್ತೆ ಒಂದು ವಿಷಯ, ಇದನ್ನು ನಿನ್ನತ್ತೆ ಮುಂದೆ ಓದಬೇಡ. ಆ ರಾತ್ರಿ ನೀನು ಬೋರಿನ ಗುಂಡಿಯ ಹತ್ತಿರ ಒಬ್ಬನೇ ಬಹಳ ಹೊತ್ತು ನಿಂತಿದ್ದನ್ನು ನಾನು ದೂರದಿಂದ ನೋಡಿದೆ. ಬದುಕು ಸಾಕು ಅನ್ನುವ ಯೋಚನೆ ತಲೆಯಲ್ಲಿ ಸುಳಿದಿದ್ದರೆ ಅದರಲ್ಲಿ ನಾಚಿಕೆ ಏನಿಲ್ಲ, ದೊಡ್ಡ ದೊಡ್ಡವರಿಗೂ ಸುಳಿದಿದೆ. ಸುಳಿದ ತಕ್ಷಣ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ನನಗೆ ಹೇಳಲು ಆಗದಿದ್ದರೆ 14416ಕ್ಕೆ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಲೇಬೇಕು ಅಂತೇನಿಲ್ಲ. ಪ್ರಾರ್ಥನೆ ಅಂದರೆ ಕಣ್ಣು ಮುಚ್ಚಿ ಮೇಲಕ್ಕೆ ಹೇಳುವುದಷ್ಟೇ ಅಲ್ಲ ಅಳಿಯ, ಪಕ್ಕದಲ್ಲಿರುವವರಿಗೆ ಬಾಯಿಬಿಟ್ಟು ಹೇಳುವುದೂ ಅದರಲ್ಲಿ ಸೇರಿದೆ. ಅವನು ಕೇಳಿಸಿಕೊಳ್ಳುವುದು ಬಹಳ ಸಲ ಇನ್ನೊಬ್ಬರ ಕಿವಿಯಿಂದಲೇ.

ಸೋಮವಾರ ಬೆಳಗಿನ ಬಸ್ಸಿಗೆ ಆದಿವಾಲಕ್ಕೆ ಬಾ. ಬರುವಾಗ ಬ್ಯಾಂಕಿನ ಪಾಸ್‌ಬುಕ್ಕು, ಪಹಣಿ, ಕೈಸಾಲದ ಚೀಟಿಗಳು, ಅಮ್ಮನ ಆಸ್ಪತ್ರೆ ಫೈಲು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬಾ, ಏನನ್ನೂ ಬಚ್ಚಿಡಬೇಡ. ಯಾವುದಕ್ಕೆ ಎಷ್ಟು ಬಡ್ಡಿ ಅಂತ ಕೂತು ಬರೆದು, ಬೆಳೆಸಾಲದ ಅವಧಿ ಮುಂದೂಡಿ ಕೊಡುತ್ತಾರೋ ಅಂತ ಮ್ಯಾನೇಜರನ್ನು ಇಬ್ಬರೂ ಹೋಗಿ ಕೇಳೋಣ. ನಮ್ಮ ತೋಟದ ಕೆಳಗಿನ ಅರ್ಧ ಎಕರೆ ಖಾಲಿ ಬಿದ್ದಿದೆ, ನಾಲೆ ನೀರು ಅಲ್ಲಿಗೆ ಬರುತ್ತದೆ. ಈ ಹಂಗಾಮಿಗೆ ಅಲ್ಲಿ ನೀನೇ ಈರುಳ್ಳಿ ಹಾಕು, ಗುತ್ತಿಗೆಯ ಮಾತು ಬೇಡ. ನಿನ್ನತ್ತೆ ಆಗಲೇ ಬಿತ್ತನೆ ಬೀಜ ಹೇಳಿಟ್ಟಿದ್ದಾಳೆ, ರೊಟ್ಟಿಗೆ ಶೇಂಗಾ ಚಟ್ನಿ ಪುಡಿಯೂ ಮಾಡಿಟ್ಟಿದ್ದಾಳೆ. ಹೊರಡುವಾಗ ಒಂದು ಮಿಸ್ಡ್ ಕಾಲ್ ಕೊಡು, ಬಸ್ ಸ್ಟಾಪಿಗೆ ಬಂದಿರುತ್ತೇನೆ.